ದೊಡ್ಡಹನುಮಯ್ಯ ಕಟ್ಟಿಸಿದ ಫ್ಲೆಕ್ಸು

ಹೊಳವನಹಳ್ಳಿಯ ಹೈಸ್ಕೂಲಿನಲ್ಲಿ ದೊಡ್ಡಹನುಮಯ್ಯ ಮೂವತ್ತೆರಡು ವರ್ಷ ಬೆಲ್ಲು ಹೊಡೆದವನು. ಸರ್ಕಾರಿ ಕಾಗದದಲ್ಲಿ ಅವನ ಹುದ್ದೆಗೆ ಏನು ಹೆಸರೇ ಇರಲಿ, ಊರಿನವರ ಬಾಯಲ್ಲಿ ಅವನು ಬೆಲ್ಲಿನ ಹನುಮಣ್ಣ. ಶಾಲೆಯಲ್ಲಿ ಸಭೆಯಾಗಲಿ, ಕೇರಿಯಲ್ಲಿ ಜಯಂತಿಯಾಗಲಿ, ಕುರ್ಚಿ ಹಾಕಿಸುವವನು, ಮೈಕಿನವನನ್ನು ಹುಡುಕುವವನು, ಹಾರ ತರುವವನು, ಎಲ್ಲ ಮುಗಿದ ಮೇಲೆ ಕುರ್ಚಿಗಳನ್ನು ಗಾಡಿಗೆ ಏರಿಸುವವನು ಅವನೇ. ವೇದಿಕೆಯ ಮೇಲೆ ಒಂದು ದಿನವೂ ಕೂತವನಲ್ಲ. ಅವನಿಲ್ಲದಿದ್ದರೆ ವೇದಿಕೆಯೇ ಏಳುತ್ತಿರಲಿಲ್ಲ ಎಂಬುದು ಕೂತವರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವ ಪುಣ್ಯಾತ್ಮರು ಮಾತ್ರ ಇರಲಿಲ್ಲ.

ಬೆಲ್ಲಿನ ವಿಷಯದಲ್ಲಿ ಅವನು ಬಹಳ ಕಟ್ಟುನಿಟ್ಟು. ಅದರಲ್ಲೂ ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಮೂರು ಬೆಲ್ಲು: ಮೊದಲನೆಯದು ಮಕ್ಕಳು ಒಳಗೆ ಬರಲಿಕ್ಕೆ, ಎರಡನೆಯದು ಪ್ರಶ್ನೆಪತ್ರಿಕೆ ಕೊಡಲಿಕ್ಕೆ, ಅರ್ಧ ಗಂಟೆ ಕಳೆದ ಮೇಲೆ ಮೂರನೆಯದು. ಆ ಮೂರನೆಯದು ಬಿತ್ತೆಂದರೆ ಗೇಟಿಗೆ ಬೀಗ, ಆಮೇಲೆ ಬ್ರಹ್ಮ ಬಂದರೂ ಒಳಗೆ ಬಿಡುವಂತಿಲ್ಲ. ಇಷ್ಟು ವರ್ಷದಲ್ಲಿ ಅದನ್ನು ಅವನು ತಡಮಾಡಿದ್ದು ಒಂದೇ ಸಲ. ಕೆಟ್ಟುನಿಂತ ಬಸ್ಸಿನಿಂದ ಇಳಿದು ಒಬ್ಬಳು ಹುಡುಗಿ ರಸ್ತೆಯಲ್ಲಿ ಓಡಿಬರುವುದು ಕಂಡಿತು. ಸುತ್ತಿಗೆಯನ್ನು ಎತ್ತಿ ಹಿಡಿದವನು ಎರಡು ನಿಮಿಷ ಹಾಗೇ ನಿಂತುಬಿಟ್ಟ. ಹೆಡ್‌ಮಾಸ್ಟರು ಎಲ್ಲರೆದುರು ಬೈದರು. ಆ ಬೈಗುಳವನ್ನು ಅವನು ಇವತ್ತಿಗೂ ಸಂತೋಷವಾಗಿಯೇ ನೆನೆಸಿಕೊಳ್ಳುತ್ತಾನೆ.

ನಿವೃತ್ತಿಯಾದ ಎರಡನೆಯ ವರ್ಷ, ಸಂಕ್ರಾಂತಿಗೆ ಮುಂಚೆ, ಅವನಿಗೆ ಎದೆನೋವು ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎದೆಯ ಮೂಳೆ ಸೀಳಿ, ಕಾಲಿನ ನರ ತೆಗೆದು ಹೃದಯಕ್ಕೆ ಜೋಡಿಸಿ, ಮೂಳೆಯನ್ನು ತಂತಿಯಿಂದ ಬಿಗಿದು ಕಳಿಸಿದರು. ಮೂರು ತಿಂಗಳು ಕೈಯನ್ನು ಭುಜದಿಂದ ಮೇಲಕ್ಕೆ ಎತ್ತಬಾರದು, ತುಂಬಿದ ಬಿಂದಿಗೆ ಮುಟ್ಟಬಾರದು, ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೆಯಬೇಕು ಎಂದು ಡಾಕ್ಟರು ಅವನಿಗೆ ಹೇಳಿದರು. ಹೆಂಡತಿ ಕೊಲ್ಲಾಪುರಮ್ಮನನ್ನೂ ಮಗಳು ಸಹನಾಳನ್ನೂ ಹೊರಗೆ ಕರೆದು ಇನ್ನೊಂದು ಮಾತು ಹೇಳಿದರು: ಮನಸ್ಸಿಗೆ ಪೆಟ್ಟಾಗುವ ಸುದ್ದಿ ಯಾವುದನ್ನೂ ಇವರಿಗೆ ಮುಟ್ಟಿಸಬೇಡಿ.

ಈ ಕಡೆಯ ಮಾತು, ಅವನು ಊರು ಸೇರುವ ಮೊದಲೇ ಊರು ಸೇರಿತ್ತು. ಅಲ್ಲಿಂದ ಮುಂದೆ ದೊಡ್ಡಹನುಮಯ್ಯನ ಪಾಲಿಗೆ ಹೊಳವನಹಳ್ಳಿಯಲ್ಲಿ ಕೆಟ್ಟದ್ದೇ ನಡೆಯದೆ ಹೋಯಿತು. ಕೊಲ್ಲಾಪುರಮ್ಮನ ತಮ್ಮ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡದ್ದು ಅವನಿಗೆ ತಿಳಿದದ್ದು, ಆ ಮನುಷ್ಯ ಕುಂಟುತ್ತಾ ನೋಡಲು ಬಂದಾಗ. ಪಕ್ಕದ ಮನೆಯ ಎಮ್ಮೆ ಸತ್ತು ಹದಿನೈದು ದಿನವಾದರೂ, ಕೇಳಿದರೆ ಮೇಯಲು ಹೋಗಿದೆ ಎನ್ನುತ್ತಿದ್ದರು. ಟಿವಿಯಲ್ಲಿ ಸುದ್ದಿ ಶುರುವಾದರೆ ಸಾಕು, ಕೊಲ್ಲಾಪುರಮ್ಮ ರಿಮೋಟಿಗೆ ಕೈಹಾಕುವಳು. ಅವಳೇನು ಸಾಮಾನ್ಯದವಳಲ್ಲ. ಹತ್ತು ವರ್ಷದ ಹಿಂದೆ ಮನೆಯವರೆಲ್ಲ ಬೌದ್ಧರಾದಾಗ ಬುದ್ಧನ ಪಟವನ್ನು ಗೋಡೆಗೆ ಹೊಡೆದವಳೂ ಅವಳೇ, ಗಂಡನ ಆಪರೇಷನ್ನಿಗೆಂದು ಗೊರವನಹಳ್ಳಿಯ ಲಕ್ಷ್ಮಿಗೆ ಐದು ಶುಕ್ರವಾರ ಹೊತ್ತುಕೊಂಡವಳೂ ಅವಳೇ. ಯಾರೊಬ್ಬರೂ ಮುನಿಸಿಕೊಳ್ಳದ ಹಾಗೆ ನೋಡಿಕೊಳ್ಳುವುದು ಅವಳ ಸ್ವಭಾವ.

ನಡೆಯಲು ಹೊರಟ ಮೊದಲ ವಾರದಲ್ಲೇ ದೊಡ್ಡಹನುಮಯ್ಯನಿಗೆ ಯೋಗಮಲರ್ ಪರಿಚಯವಾದಳು. ಊರಾಚೆ ಕುಮಾರಸ್ವಾಮಿಯ ತೆಂಗಿನನಾರಿನ ಫ್ಯಾಕ್ಟರಿಯವರೆಗೆ ಹೋಗುವಷ್ಟರಲ್ಲಿ ಅವನಿಗೆ ಉಸಿರು ಕಟ್ಟಿ ಕಣ್ಣು ಮಂಜಾಯಿತು. ಶೆಡ್ಡಿನ ಮುಂದೆ ನಾರು ಹರಡುತ್ತಿದ್ದ ಹೆಂಗಸು ಓಡಿಬಂದು ತೋಳು ಹಿಡಿದು ಕಲ್ಲಿನ ಮೇಲೆ ಕೂರಿಸಿ, ಸೆರಗಿನಲ್ಲಿ ಗಾಳಿ ಬೀಸಿ, ಹಾಲಿಲ್ಲದ ಟೀ ತಂದುಕೊಟ್ಟಳು. ಮಾರನೆಯ ದಿನ ಆ ಕಲ್ಲಿನ ಮೇಲೆ ಒಂದು ಗೋಣಿಚೀಲ ಮಡಚಿ ಹಾಸಿತ್ತು. ಆಮೇಲೆ ದಿನವೂ ಹಾಸಿರುತ್ತಿತ್ತು.

ಊರಿನವರು ಅವಳನ್ನು ಸೇಲಂ ಕಡೆಯವಳು ಅಂದುಕೊಂಡಿದ್ದರು. ಅವಳು ಸೇಲಂನವಳಲ್ಲ. ಏಳು ವರ್ಷದವಳಿದ್ದಾಗ ಶ್ರೀಲಂಕಾದಿಂದ ದೋಣಿಯಲ್ಲಿ ಅವ್ವನ ಮಡಿಲಲ್ಲಿ ಕೂತು ಬಂದವಳು. ಬೆಳೆದದ್ದು, ಮದುವೆಯಾದದ್ದು, ಹೆತ್ತದ್ದು ಎಲ್ಲ ತಮಿಳುನಾಡಿನ ಒಂದು ನಿರಾಶ್ರಿತರ ಕ್ಯಾಂಪಿನಲ್ಲಿ. ಪೇಂಟ್ ಕೆಲಸ ಮಾಡುತ್ತಿದ್ದ ಗಂಡ ಮೂರನೆಯ ಮಹಡಿಯಿಂದ ಬಿದ್ದು ಸತ್ತ ಮೇಲೆ ಮಗಳು ನಿರೋಷಾಳನ್ನು ಕಟ್ಟಿಕೊಂಡು ಈ ಕೆಲಸಕ್ಕೆ ಬಂದು ಮೂರು ವರ್ಷವಾಗಿತ್ತು. ಇಷ್ಟನ್ನೂ ಅವಳು ದೊಡ್ಡಹನುಮಯ್ಯನಿಗೆ ತಾನಾಗಿಯೇ ಹೇಳಿದಳು. ಕಲ್ಲಿನ ಮೇಲೆ ಸುಮ್ಮನೆ ಕೂತು ಉಸಿರು ತೆಗೆದುಕೊಳ್ಳುವ ಮುದುಕನ ಹತ್ತಿರ ಎಂಥವರಿಗೂ ಮಾತು ಬರುತ್ತದೆ.

ನಿರೋಷಾ ಹತ್ತನೇ ಕ್ಲಾಸು. ಎಂಟನೆಯದಕ್ಕೆ ಸೇರಿದಾಗ ಕನ್ನಡದ ಕಾಗುಣಿತ ಬಾರದಿದ್ದವಳು ಈಗ ಊರಿನ ಹುಡುಗಿಯರಿಗಿಂತ ಜೋರಾಗಿ ಊರ ಮಾತಿನಲ್ಲೇ ಜಗಳವಾಡುತ್ತಿದ್ದಳು. ಅರ್ಧವಾರ್ಷಿಕದಲ್ಲಿ ಕ್ಲಾಸಿಗೇ ಎರಡನೆಯವಳು. ದೊಡ್ಡಹನುಮಯ್ಯ ಅವಳಿಗೆ ಪರೀಕ್ಷೆಯ ಮೂರು ಬೆಲ್ಲಿನ ವಿಷಯ ಹೇಳಿಕೊಟ್ಟಿದ್ದ. ನೀನು ಎಷ್ಟೇ ತಡವಾಗಿ ಬಂದರೂ ಮೂರನೆಯದನ್ನು ಹೊಡೆಯದೆ ಕಾಯುತ್ತಿದ್ದೆ, ಏನು ಮಾಡಲಿ, ನಾನೀಗ ರಿಟೈರಾದವನು ಎಂದು ತಮಾಷೆ ಮಾಡಿದರೆ, ಅವಳು ಪುಸ್ತಕದಿಂದ ತಲೆಯೆತ್ತದೆ, ನಾನ್ಯಾಕೆ ತಡ ಮಾಡ್ಲಿ ತಾತ ಎನ್ನುತ್ತಿದ್ದಳು. ಯೋಗಮಲರಿಗೆ ಜೀವನದಲ್ಲಿ ಬೇಕಾಗಿದ್ದದ್ದು ಆ ಪರೀಕ್ಷೆಯೊಂದೇ. ಬರಬರುತ್ತಾ ಅವನಿಗೂ ಅದೇ ಆಗಿತ್ತು.

ಸಹನಾ ಕೊರಟಗೆರೆಯ ಖಾಸಗಿ ಶಾಲೆಯಲ್ಲಿ ಸಮಾಜವಿಜ್ಞಾನದ ಮೇಡಮ್ಮು. ಅವಳೂ ಅವಳ ಜೊತೆಯ ಕೆಲವರೂ ಸೇರಿ 'ನೆರೆಮನೆ ವೇದಿಕೆ' ಎಂದೊಂದು ಮಾಡಿಕೊಂಡು ತಿಂಗಳಿಗೊಂದು ಭಾನುವಾರ ಹೊಳವನಹಳ್ಳಿಯ ಅಂಬೇಡ್ಕರ್ ಭವನದಲ್ಲಿ ಸಂವಾದ ಇಡುತ್ತಿದ್ದರು. ಮಾರ್ಚಿ ತಿಂಗಳ ಸಂವಾದ ನಿರಾಶ್ರಿತರ ಬಗ್ಗೆ. ಮಧುಗಿರಿಯಿಂದ ಇಂದ್ರಮ್ಮ ಎಂಬ ನಿವೃತ್ತ ಲೆಕ್ಚರರು ಬಂದು ಮಾತಾಡುವುದು, ಮಾತು ಮುಗಿದ ಮೇಲೆ ಯೋಗಮಲರ್ ತಾನು ಬೆಳೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳುವುದು ಎಂದು ನಿಶ್ಚಯವಾಯಿತು. ಯೋಗಮಲರ್ ಮೊದಲು ಒಲ್ಲೆ ಎಂದಳು. ಆಮೇಲೆ, ಹನುಮಯ್ಯನವರ ಮಗಳು ಕೇಳಿದ್ದು ಎಂದು ಒಪ್ಪಿದಳು.

ಆಸ್ಪತ್ರೆಯಿಂದ ಬಂದಾಗಿನಿಂದ ಮನೆಯಲ್ಲಿ ಲೋಟ ಎತ್ತಿಡಲೂ ಬಿಡದೆ ಕೂರಿಸಿದ್ದಕ್ಕೆ ಅವನಿಗೆ ರೋಸಿಹೋಗಿತ್ತು. ಸಂವಾದದ ಕುರ್ಚಿ, ಮೈಕು, ನೀರಿನ ಕ್ಯಾನು ಎಲ್ಲವನ್ನೂ ನನಗೆ ಬಿಡು, ಕೂತಲ್ಲಿಂದಲೇ ಫೋನಿನಲ್ಲಿ ಮಾಡಿಸುತ್ತೇನೆ ಎಂದು ಮಗಳ ಬೆನ್ನು ಹತ್ತಿದ. ಅವಳಿಗೆ ಸ್ಕೂಲಿನಲ್ಲಿ ಸ್ಪೆಷಲ್ ಕ್ಲಾಸು. ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಏಳಕ್ಕೆ ಬರುತ್ತಿದ್ದಳು. ಅಪ್ಪನಿಗೂ ಹೊತ್ತು ಹೋಗಲಿ ಎಂದು ಒಪ್ಪಿ, ಬಸ್‌ಸ್ಟಾಂಡಿನಲ್ಲಿ ಕಟ್ಟುವ ಫ್ಲೆಕ್ಸಿನ ಒಕ್ಕಣೆಯನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟಳು: ವಿಷಯ, ದಿನ, ಜಾಗ, ಇಂದ್ರಮ್ಮನ ಹೆಸರು. ಇಷ್ಟೇ ಸಾಕಪ್ಪ, ಬೇರೆ ಏನೂ ಬೇಡ ಎಂದಳು. ಯಾಕೆ ಬೇಡ ಎಂದು ಹೇಳಲಿಲ್ಲ. ಹೇಳಿದ್ದರೆ ಅವನ ಮನಸ್ಸಿಗೆ ಚಿಂತೆ ಹತ್ತುತ್ತಿತ್ತಲ್ಲ.

ಯಾಕೆ ಎಂಬುದು ಇಷ್ಟು. ಕ್ಯಾಂಪಿನ ಹಾಜರಿ ಪುಸ್ತಕದಲ್ಲಿ ತಾಯಿ ಮಗಳು ಇಬ್ಬರ ಹೆಸರೂ ಇತ್ತು. ಅಪ್ಪಣೆಯಿಲ್ಲದೆ ಹೊರಗೆ ನೆಲೆಸಿದ್ದು ತಿಳಿದರೆ ಆ ಹೆಸರೂ ಹೋಗುತ್ತಿತ್ತು, ಅಲ್ಲಿನ ಮನೆಯೂ ಹೋಗುತ್ತಿತ್ತು. ಹಾಜರಾತಿಯ ದಿನಕ್ಕೆ ಸರಿಯಾಗಿ ಯೋಗಮಲರ್ ಬಸ್ಸು ಹತ್ತಿ ಹೋಗಿ ಮುಖ ತೋರಿಸಿ ಬರುವಳು, ಮಗಳು ನೆಂಟರ ಮನೆಯಲ್ಲಿದ್ದಾಳೆಂದು ಏನೋ ಒಂದು ಹೇಳಿ ಸಾಗಹಾಕುವಳು. ಮಗಳು ಬೇರೆ ರಾಜ್ಯದಲ್ಲಿ ಓದುತ್ತಿರುವುದು ಅಲ್ಲಿ ಗೊತ್ತಿರಲಿಲ್ಲ. ಇಲ್ಲಿ ಇವರು ಎಲ್ಲಿಯವರೆಂಬುದು ಕುಮಾರಸ್ವಾಮಿ ಮತ್ತು ದೊಡ್ಡಹನುಮಯ್ಯನ ಮನೆಯವರ ಹೊರತು ಊರಿಗೆ ಗೊತ್ತಿರಲಿಲ್ಲ. ಹೆಸರು ಊರು ಹೇಳದೆ, ಸಭೆ ಮುಗಿದು ಜನ ಹೋದ ಮೇಲೆ ಬಾಗಿಲು ಹಾಕಿದ ಭವನದಲ್ಲಿ ನಂಬಿಕಸ್ಥರ ಎದುರು ಮಾತಾಡಿ ಹೋಗುವುದು ಎಂದು ಸಹನಾ ಅವಳಿಗೆ ಮಾತು ಕೊಟ್ಟಿದ್ದಳು. ಇದೆಲ್ಲ ಯೋಗಮಲರಿಗೆ ಗೊತ್ತು, ಸಹನಾಳಿಗೆ ಗೊತ್ತು, ಕೊಲ್ಲಾಪುರಮ್ಮನಿಗೂ ಗೊತ್ತು. ಗೊತ್ತಿಲ್ಲದವನು ಎದೆ ಕೊಯ್ಯಿಸಿಕೊಂಡವನೊಬ್ಬನೇ.

ದೊಡ್ಡಹನುಮಯ್ಯ ಹಾಳೆಯನ್ನು ತಿರುವಿ ಮುರುವಿ ನೋಡಿದ. ಫೋಟೋನೇ ಇಲ್ಲದ ಫ್ಲೆಕ್ಸು. ನಮ್ಮ ಕಡೆ ಹುಟ್ಟುಹಬ್ಬಕ್ಕೆ ಫೋಟೋ, ಸತ್ತರೆ ಫೋಟೋ, ಪಂಚಾಯ್ತಿ ಸದಸ್ಯ ಹೊಸ ಬೈಕು ತೆಗೆದುಕೊಂಡರೂ ಫೋಟೋ. ಫೋಟೋ ಇಲ್ಲದ ಫ್ಲೆಕ್ಸನ್ನು ಜನ ಕತ್ತೆತ್ತಿಯೂ ನೋಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಅವನಿಗೆ ತನ್ನ ರಿಟೈರಾದ ವರ್ಷ ನೆನಪಾಯಿತು. ಆ ಸಲದ ಜಯಂತಿಗೆ ಕೇರಿಯ ಹುಡುಗರು ಫ್ಲೆಕ್ಸಿನ ಕೆಳಗಡೆಯ ಸಾಲಿನಲ್ಲಿ, ಕೊನೆಗೆ, ಅಂಚೆಚೀಟಿಯಷ್ಟು ದೊಡ್ಡದಾಗಿ ಅವನ ಫೋಟೋ ಹಾಕಿಸಿದ್ದರು. ಮೂವತ್ತು ವರ್ಷ ಬೇರೆಯವರ ಫ್ಲೆಕ್ಸು ಕಟ್ಟಿದವನು ಅದನ್ನು ನೋಡಲು ಸೈಕಲ್ಲಿನಲ್ಲಿ ಮೂರು ಸಲ ಬಸ್‌ಸ್ಟಾಂಡಿಗೆ ಹೋಗಿ ಬಂದಿದ್ದ. ಆವತ್ತು ತಾನೂ ಈ ಊರಿನವನು ಎಂದು ಅನ್ನಿಸಿದಷ್ಟು ಅದಕ್ಕೆ ಮುಂಚೆ ಯಾವತ್ತೂ ಅನ್ನಿಸಿರಲಿಲ್ಲ. ಆ ಸುಖವನ್ನು ಯೋಗಮಲರಿಗೂ ಕೊಡಬೇಕು ಎಂದುಕೊಂಡ. ಇಷ್ಟೇ ಅವನು ಮಾಡಿದ ತಪ್ಪು.

ಅವನ ಮೊಬೈಲಿನಲ್ಲಿ ತಾಯಿ ಮಗಳದು ಒಂದು ಒಳ್ಳೆಯ ಫೋಟೋ ಇತ್ತು. ನಾರಿನ ರಾಶಿಯ ಮುಂದೆ ಇಬ್ಬರೂ ನಗುತ್ತಾ ನಿಂತದ್ದು. ಕೊರಟಗೆರೆಯ ಫ್ಲೆಕ್ಸಿನ ಅಂಗಡಿಯ ನರಸಿಂಹರಾಜುವಿಗೆ ಅದನ್ನು ಕಳಿಸಿ, ಫೋನಿನಲ್ಲಿ ಮಗಳ ಒಕ್ಕಣೆಯ ಜೊತೆಗೆ ಇನ್ನೊಂದು ಸಾಲು ಹೇಳಿ ಬರೆಸಿದ: ಶ್ರೀಲಂಕಾ ನಿರಾಶ್ರಿತರಾದ ಶ್ರೀಮತಿ ಯೋಗಮಲರ್ ಮತ್ತು ಕುಮಾರಿ ನಿರೋಷಾ ಅವರಿಗೆ ಹೊಳವನಹಳ್ಳಿಗೆ ಹಾರ್ದಿಕ ಸ್ವಾಗತ. ಕೆಳಗಿನ ಸಾಲಿನಲ್ಲಿ ನಿನ್ನ ಫೋಟೋ ಹಾಕಲೇ ಹನುಮಣ್ಣ ಎಂದು ರಾಜು ಕೇಳಿದ. ನನ್ನದೇನು ಬೇಡ, ಅವರದನ್ನೇ ದೊಡ್ಡದು ಮಾಡು ಎಂದ.

ಗುರುವಾರ ಸಂಜೆ ರಾಜುವಿನ ಆಳುಗಳು ಬಂದು ಬಸ್‌ಸ್ಟಾಂಡಿನ ಎದುರಿನ ಎರಡು ಕಂಬಗಳ ನಡುವೆ ಫ್ಲೆಕ್ಸು ಕಟ್ಟಿ ಹೋದರು. ಸಹನಾ ಆವತ್ತು ಶಾಲೆಯ ಕೆಲಸದಿಂದ ಕೊರಟಗೆರೆಯಲ್ಲೇ ಗೆಳತಿಯ ಮನೆಯಲ್ಲಿ ಉಳಿದಿದ್ದಳು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ದೊಡ್ಡಹನುಮಯ್ಯ ಒಗೆದ ಅಂಗಿ ಹಾಕಿಕೊಂಡು ನೋಡಲು ಬಂದ. ಎಂಟಡಿ ಅಗಲ, ಆರಡಿ ಎತ್ತರ. ಬಣ್ಣ ಬಹಳ ಚೆನ್ನಾಗಿ ಬಂದಿತ್ತು. ಎದುರು ರೇಣುಕಯ್ಯನ ಟೀ ಅಂಗಡಿಯ ಮುಂದೆ ನಾಲ್ಕು ಜನ ನಿಂತು ಮೊಬೈಲಿನಲ್ಲಿ ಅದರ ಫೋಟೋ ತೆಗೆಯುತ್ತಿದ್ದರು. ಅವನಿಗೆ ಹೆಮ್ಮೆಯಾಯಿತು. ಅಷ್ಟರಲ್ಲಿ ಸ್ಕೂಲುಬ್ಯಾಗು ಹಾಕಿಕೊಂಡ ನಿರೋಷಾ ಬಂದಳು. ತನ್ನದೇ ಮುಖವನ್ನು ಅಷ್ಟು ದೊಡ್ಡದಾಗಿ ಕಂಡು ರಸ್ತೆಯ ನಡುವೆ ನಿಂತುಬಿಟ್ಟಳು.

"ಹೆಂಗೈತವ್ವಾ?" ಎಂದು ಅವನು ಕೇಳಿದ.

ಹುಡುಗಿ ಅವನ ಮುಖ ನೋಡಿದಳು, ಅಂಗಿಯ ಸಂದಿಯಲ್ಲಿ ಕಾಣುವ ಎದೆಯ ಹೊಲಿಗೆಯನ್ನು ನೋಡಿದಳು. "ಬೋ ಚೆನ್ನಾಗೈತೆ ತಾತ" ಎಂದಳು. ಆಮೇಲೆ ಶಾಲೆಯ ದಾರಿ ಬಿಟ್ಟು ಫ್ಯಾಕ್ಟರಿಯ ಕಡೆಗೆ ಓಡಿದಳು. ಅವ್ವನಿಗೆ ಹೇಳುವ ಸಂಭ್ರಮದಲ್ಲಿ ಓಡಿದಳೆಂದು ತಿಳಿದ ಆ ಪುಣ್ಯಾತ್ಮ, ನಗುನಗುತ್ತಾ ಮನೆಗೆ ಹೋಗಿ ತಿಂಡಿ ತಿಂದ.

ಹನ್ನೊಂದರ ಹೊತ್ತಿಗೆ ಸಹನಾ ರಜೆ ಹಾಕಿ ಬಂದಳು. ಮುಖ ಬಿಳುಚಿಕೊಂಡಿತ್ತು. ಅಡುಗೆಮನೆಯಲ್ಲಿ ಅವ್ವನ ಜೊತೆ ಪಿಸುಪಿಸು ಮಾತಾಡಿದಳು. ಫ್ಲೆಕ್ಸು ನೋಡಿದೆಯಾ ಎಂದು ಅವನು ಕೇಳಿದ್ದಕ್ಕೆ, ನೋಡಿದೆ, ಚೆನ್ನಾಗಿದೆಯಪ್ಪ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಮೂವತ್ತೆರಡು ವರ್ಷ ಮಕ್ಕಳ ಮುಖ ನೋಡಿದವನಿಗೆ ಮಗಳ ಮುಖ ತಿಳಿಯದೆ ಹೋದೀತೇ. ಅವನೂ ಟವಲು ಹೆಗಲಿಗೆ ಹಾಕಿಕೊಂಡು ರೇಣುಕಯ್ಯನ ಅಂಗಡಿಗೆ ನಡೆದ. ಊರಿನಲ್ಲಿ ಅವನಿಗೆ ಸುಳ್ಳು ಹೇಳಲು ಬಾರದವನು ರೇಣುಕಯ್ಯ ಒಬ್ಬನೇ.

ರೇಣುಕಯ್ಯ ಮೊದಲು ಟೀ ಕೊಟ್ಟ, ಆಮೇಲೆ ಬಿಸ್ಕತ್ತು ಕೊಟ್ಟ, ಆಮೇಲೆ ಹೇಳಿದ. ಫ್ಲೆಕ್ಸಿನ ಫೋಟೋ ಬೆಳಿಗ್ಗೆ ಒಂಬತ್ತಕ್ಕೇ ಊರಿನ ಗ್ರೂಪುಗಳನ್ನೆಲ್ಲ ಸುತ್ತಿತ್ತು. ಅದು ಹೇಗೋ ಕ್ಯಾಂಪಿನವರ ಮೊಬೈಲಿಗೂ ಹೋಗಿ, ಅಲ್ಲಿಂದ ಯೋಗಮಲರಿಗೆ ಫೋನು ಬಂದಿತ್ತು: ಸೋಮವಾರ ಹಾಜರಾತಿ, ಈ ಸಲ ತಾಯಿ ಮಗಳು ಇಬ್ಬರೂ ಎದುರಿಗೆ ನಿಲ್ಲದಿದ್ದರೆ ಪುಸ್ತಕದಿಂದ ಹೆಸರು ಹೊಡೆಯುತ್ತಾರೆ. ಹೋದವರನ್ನು ಮತ್ತೆ ಹೊರಗೆ ಬಿಡಲು ಎಷ್ಟು ತಿಂಗಳೋ. ಇತ್ತ ಕುಮಾರಸ್ವಾಮಿ, ಠಾಣೆಗೆ ತಿಳಿಸದೆ ಇಟ್ಟುಕೊಂಡದ್ದು ಎಲ್ಲಿ ತನ್ನ ತಲೆಗೆ ಬರುತ್ತದೋ ಎಂದು ಹೆದರಿ, ನಾಳೆಯೊಳಗೆ ಶೆಡ್ಡು ಖಾಲಿ ಮಾಡಿ ಎಂದಿದ್ದ. ಪೊಲೀಸರು ಯಾರೂ ಬಂದಿರಲಿಲ್ಲ. ಬಂದಾರು ಎಂಬ ಭಯವೇ ಸಾಕಾಗಿತ್ತು.

"ಪರೀಕ್ಷೆ?" ಎಂದ ದೊಡ್ಡಹನುಮಯ್ಯ.

"ಇನ್ನೆಲ್ಲಿ ಪರೀಕ್ಷೆ ಬುಡು ಹನುಮಣ್ಣ. ನೀನು ಒಳ್ಳೇದ್ಕೇ ಮಾಡ್ದೆ. ಯಾರು ಇಲ್ಲ ಅಂತಾರೆ?"

ಅವನು ಎದ್ದು ರಸ್ತೆ ದಾಟಿದ. ಕಂಬಕ್ಕೆ ಸುತ್ತಿದ ಹಗ್ಗದ ಗಂಟು ಅವನ ತಲೆಯಿಂದ ಒಂದು ಮೊಳ ಮೇಲಿತ್ತು. ಇಂಥ ಗಂಟುಗಳನ್ನು ಸಾವಿರ ಬಿಚ್ಚಿದ ಕೈ ಅದು. ಎತ್ತಿದ, ಭುಜದವರೆಗೆ ಬಂತು. ಅಲ್ಲಿಂದ ಮೇಲೆ, ಎದೆಯ ಮೂಳೆಯನ್ನು ಯಾರೋ ಎರಡು ಕಡೆಯಿಂದ ಹಿಡಿದು ಎಳೆದಂತಾಗಿ ಕೈ ಕೆಳಗೆ ಬಿತ್ತು. ಮತ್ತೆ ಎತ್ತಿದ, ಮತ್ತೆ ಬಿತ್ತು. ಬಸ್ಸಿಗೆ ಕಾಯುತ್ತಿದ್ದ ಒಬ್ಬನನ್ನು ಕರೆದು ಬಿಚ್ಚಪ್ಪ ಎಂದರೆ, ಅವನು, ಇಷ್ಟು ಚೆನ್ನಾಗಿರೋದನ್ನ ಯಾಕೆ ಬಿಚ್ಚುತ್ತೀರಿ, ನಿನ್ನೆ ತಾನೇ ಕಟ್ಟಿದ್ದಲ್ಲವಾ ಎಂದು ಬಂದ ಬಸ್ಸು ಹತ್ತಿಬಿಟ್ಟ. ನರಸಿಂಹರಾಜುವಿಗೆ ಫೋನು ಮಾಡಿದ. ಆಳುಗಳೆಲ್ಲ ಗೊರವನಹಳ್ಳಿಯಲ್ಲಿದ್ದಾರೆ ಹನುಮಣ್ಣ, ಶುಕ್ರವಾರ ನೋಡು, ಸಂಜೆಗೆ ಕಳಿಸುತ್ತೇನೆ ಎಂದ. ಸಂಜೆಗೆ. ಬಿಸಿಲಿನಲ್ಲಿ ಅವನು ಆ ಫ್ಲೆಕ್ಸಿನ ಕೆಳಗೆ ನಿಂತೇ ಇದ್ದ. ಮೇಲೆ ತಾಯಿ ಮಗಳು ನಗುತ್ತಿದ್ದರು. ಹೋಗುವ ಬಸ್ಸಿನವರೆಲ್ಲ ಕಿಟಕಿಯಿಂದ ಅವರನ್ನು ನೋಡಿಕೊಂಡು ಹೋಗುತ್ತಿದ್ದರು. ಅವನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಟವಲು ಹೆಗಲಿನಿಂದ ಎತ್ತುವುದಕ್ಕೂ ಎದೆ ನೋಯುತ್ತಿತ್ತು. ಕಡೆಗೆ ರೇಣುಕಯ್ಯ ಗಿರಾಕಿಗಳನ್ನು ಬಿಟ್ಟು ಬಂದು, ಸ್ಟೂಲು ಹತ್ತಿ ಹಗ್ಗ ಕುಯ್ದು ಇಳಿಸಿ, ಮಡಚಿ, ಅವನನ್ನೂ ಅದನ್ನೂ ಮನೆ ಮುಟ್ಟಿಸಿದ.

ಆಮೇಲೆ ಅವನು ತನ್ನ ಕೈಲಾದದ್ದನ್ನೆಲ್ಲ ಮಾಡಿದ. ಅವನ ಕೈಲಾಗುತ್ತಿದ್ದದ್ದು ಫೋನು ಮಾಡುವುದು ಒಂದೇ. ಕುಮಾರಸ್ವಾಮಿಗೆ ಮಾಡಿದ, ಅಯ್ಯೋ ಏನೂ ಇಲ್ಲ, ಅವರೇ ಊರಿಗೆ ಹೋಗಿ ಬರುತ್ತೇವೆಂದು ರಜೆ ಕೇಳಿದರು, ನೀನು ರೆಸ್ಟ್ ತಗೋ ಹನುಮಣ್ಣ ಎಂದ. ಹೆಡ್‌ಮಾಸ್ಟರಿಗೆ ಮಾಡಿದ, ಹಾಲ್‌ಟಿಕೆಟ್ ಬಂದಿದೆ, ಹುಡುಗಿ ಬಂದು ಬರೆಯುತ್ತಾಳೆ, ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದರು. ಜೀವಮಾನದಲ್ಲಿ ಯಾರೂ ಅವನ ಹತ್ತಿರ ಅಷ್ಟು ಮೆತ್ತಗೆ ಮಾತಾಡಿರಲಿಲ್ಲ. ಯಾರಾದರೂ ಒಬ್ಬರು ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಗಳೂ ಬೈಯಲಿಲ್ಲ. ಸಹನಾ ಇಂದ್ರಮ್ಮನಿಗೂ ಅವರ ಪರಿಚಯದ ವಕೀಲರಿಗೂ ಹಿತ್ತಲಲ್ಲಿ ನಿಂತು ಫೋನು ಮಾಡುತ್ತಿದ್ದುದು ಅವನಿಗೆ ಕೇಳಿಸುತ್ತಿತ್ತು. ಸೋಮವಾರದೊಳಗೆ ಯಾರಿಂದ ಏನೂ ಆಗುವಂತಿರಲಿಲ್ಲ.

ಶನಿವಾರ ಬೆಳಿಗ್ಗೆ ತಾಯಿ ಮಗಳು ಎರಡು ಬ್ಯಾಗು ಹಿಡಿದು ಮನೆಗೆ ಬಂದರು. ಅವರು ಬರುವ ಮೊದಲೇ ಕೊಲ್ಲಾಪುರಮ್ಮ ಗಂಡನಿಗೆ, ಅವರ ಕ್ಯಾಂಪಿನಲ್ಲಿ ಯಾರದೋ ಮದುವೆಯಂತೆ ಎಂದು ಹೇಳಿ ಇಟ್ಟಿದ್ದಳು. ಅವನು ಹೂಂ ಎಂದಿದ್ದ. ತನಗೆ ಗೊತ್ತಿದೆಯೆಂದು ಹೇಳಿದರೆ ಇವಳಿಗೆ ದಿಗಿಲಾಗುತ್ತದೆ, ರಾತ್ರಿಯೆಲ್ಲ ಎದ್ದೆದ್ದು ತನ್ನ ಉಸಿರು ನೋಡುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು.

ಯೋಗಮಲರ್ ಅವನ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತಳು. ಅತ್ತು ಅತ್ತು ಕಣ್ಣು ಊದಿತ್ತು. "ಅಯ್ಯಾ, ಮದುವೆ ಮುಗಿಸ್ಕೊಂಡು ಬಂದ್ಬಿಡ್ತೀವಿ. ಎರಡೇ ದಿವಸ" ಎಂದಳು. "ಮಾತ್ರೆ ಮರೀಬಾರ್ದು. ಕಲ್ಲಿನ ಮೇಲೆ ಗೋಣಿ ಹಾಸಿಟ್ಟಿದ್ದೀನಿ."

ಅವನಿಗೆ ಅವಳ ಕಾಲು ಹಿಡಿದುಕೊಳ್ಳಬೇಕೆನ್ನಿಸಿತು. ಹಿಡಿದರೆ ಎಲ್ಲರೂ ಕಟ್ಟಿಕೊಂಡ ಮದುವೆಯ ಕಥೆ ಮುರಿದುಬೀಳುತ್ತಿತ್ತು. "ಮಗೂನ ಇಲ್ಲೇ ಬುಟ್ಟೋಗಮ್ಮ" ಎಂದ. "ಪರೀಕ್ಷೆ ಮುಗಿಯೋಗಂಟ ನಮ್ಮನೇಲೇ ಇರ್ಲಿ. ಮದುವೆಗೆ ಅವಳ್ಯಾಕೆ?"

ಯೋಗಮಲರ್ ಕೊಲ್ಲಾಪುರಮ್ಮನ ಕಡೆ ನೋಡಿದಳು, ಕೊಲ್ಲಾಪುರಮ್ಮ ಗೋಡೆಯ ಕಡೆ ನೋಡಿದಳು. ಮಾತಾಡಿದ್ದು ನಿರೋಷಾ. "ನಾನು ಹೋಗ್ಲೇಬೇಕು ತಾತ. ಪರೀಕ್ಷೆಗೆ ಬತ್ತೀನಲ್ಲ, ಮೊದಲ್ನೇ ಬೆಲ್ಲಿಗೇ ಬತ್ತೀನಿ." ಹೇಳುವಾಗ ಅವಳ ಧ್ವನಿ ಒಂದಿಷ್ಟೂ ನಡುಗಲಿಲ್ಲ. ಹದಿನಾರು ವರ್ಷದ ಹುಡುಗಿ ಅಷ್ಟು ಗಟ್ಟಿಯಾಗಿ ಸುಳ್ಳು ಹೇಳುವುದನ್ನು ತನಗಾಗಿ ಕಲಿತಳಲ್ಲ ಎಂದುಕೊಂಡ.

ಹೊರಡುವಾಗ ಅವಳು ಮೂಲೆಯಲ್ಲಿ ಮಡಚಿಟ್ಟಿದ್ದ ಫ್ಲೆಕ್ಸು ಕಂಡು, ಅದನ್ನು ನಾವು ತಗೊಂಡು ಹೋಗಲಾ ಎಂದು ಕೇಳಿದಳು. ಕ್ಯಾಂಪಿನ ಮನೆಯ ಶೀಟು ತೂತು ಬಿದ್ದಿದೆ, ಮಳೆ ಬಂದರೆ ಸೋರುತ್ತದೆ, ಮೇಲೆ ಹೊದಿಸಿದರೆ ಆಗುತ್ತದೆ ಎಂದಳು. ಕೊಲ್ಲಾಪುರಮ್ಮ ಅದನ್ನು ಚೀಲಕ್ಕೆ ಹಾಕಿ ಕೊಟ್ಟಳು. ಹಾರ್ದಿಕ ಸ್ವಾಗತವನ್ನು ಕಂಕುಳಲ್ಲಿ ಇಟ್ಟುಕೊಂಡು ಅವರಿಬ್ಬರೂ ಬಸ್‌ಸ್ಟಾಂಡಿಗೆ ನಡೆದರು. ಚೀಲ ಹೊರಲು ದೊಡ್ಡಹನುಮಯ್ಯ ಏಳಹೋದರೆ ಹೆಂಡತಿ ಭುಜ ಒತ್ತಿ ಕೂರಿಸಿದಳು.

ಭಾನುವಾರ ಸಂವಾದ ನಡೆಯಿತು. ಊರಿನವರಲ್ಲದೆ ಶಿರಾ, ಪಾವಗಡದ ಕಡೆಯಿಂದಲೂ ಕೆಲವರು ಬಂದಿದ್ದರು. ಎಲ್ಲರಿಗೂ ಕುರ್ಚಿ ಸಾಕಾಯಿತು, ಮೈಕು ಕೆರೆಯಲಿಲ್ಲ, ನೀರು ತಣ್ಣಗಿತ್ತು. ಮುಂದಿನ ಸಾಲಿನಲ್ಲಿ ತಾಯಿ ಮಗಳಿಗೆಂದು ಅವನು ವಾರದ ಹಿಂದೆಯೇ ಹೇಳಿ ಹಾಕಿಸಿದ್ದ ಎರಡು ಕುರ್ಚಿಗಳಲ್ಲಿ ಯಾರೋ ಬಂದು ಕೂತರು, ಅವನು ಬೇಡವೆನ್ನಲಿಲ್ಲ. ಇಂದ್ರಮ್ಮ ಒಂದು ಗಂಟೆ ಚೆನ್ನಾಗಿ ಮಾತಾಡಿದರು. ನಡುವೆ, ನಿಮ್ಮಲ್ಲಿ ನಿರಾಶ್ರಿತರನ್ನು ಖುದ್ದಾಗಿ ಬಲ್ಲವರು ಯಾರಾದರೂ ಇದ್ದರೆ ಕೈ ಎತ್ತಿ ಎಂದು ಕೇಳಿದರು. ಯಾರೂ ಎತ್ತಲಿಲ್ಲ. ಕುಮಾರಸ್ವಾಮಿ ಕಿಟಕಿಯಾಚೆ ನೋಡುತ್ತಿದ್ದ.

ಹಿಂದಿನ ಸಾಲಿನಲ್ಲಿದ್ದ ದೊಡ್ಡಹನುಮಯ್ಯನ ಬಲಗೈ ಮೇಲೆದ್ದಿತು. ಭುಜದವರೆಗೆ ಬಂದು ಅಲ್ಲೇ ನಿಂತಿತು. ಮುಂದಿದ್ದವರ ತಲೆಗಳ ಮರೆಯಲ್ಲಿ ಅದು ಇಂದ್ರಮ್ಮನಿಗೆ ಕಾಣಿಸಲಿಲ್ಲ. ಪಕ್ಕದಲ್ಲಿ ನಿಂತಿದ್ದ ಸಹನಾ ನೋಡಿ ಬೇಡವೆಂಬಂತೆ ತಲೆ ಅಲ್ಲಾಡಿಸಿದಳು. ಒಂದು ಕೈ ಎತ್ತಲಾರದವನು ನಾನು, ಇನ್ನೊಬ್ಬರ ಬದುಕಿಗೆ ಯಾಕೆ ಕೈ ಹಾಕಿದೆ ಎಂದುಕೊಂಡು ಅವನು ಕೈಯಿಳಿಸಿದ.

ಮೂರು ವಾರ ಕಳೆದು ಪರೀಕ್ಷೆ ಬಂತು. ಅಷ್ಟು ದಿನದಲ್ಲಿ ಯೋಗಮಲರಿಂದ ಒಂದೇ ಸಲ ಫೋನು ಬಂದಿತ್ತಂತೆ. ಎಲ್ಲ ಚೆನ್ನಾಗಿದ್ದಾರಂತೆ. ಅವನಿಗೆ ಹೇಳಿದ್ದು ಅಷ್ಟೇ. ಪರೀಕ್ಷೆಯ ಬೆಳಿಗ್ಗೆ ಅವನು ಮಾತ್ರೆ ನುಂಗಿ, ಅಂಗಿ ಹಾಕಿಕೊಂಡು, ವಾಕಿಂಗ್ ಹೋಗಿ ಬರುತ್ತೇನೆ ಎಂದ. ಕೊಲ್ಲಾಪುರಮ್ಮ ಯಾವ ಕಡೆಗೆ ಎಂದು ಕೇಳಲಿಲ್ಲ. ಒಳಗಿನಿಂದ ಒಂದು ಸಣ್ಣ ಡಬ್ಬಿ ತಂದು ಕೈಗಿಟ್ಟಳು. "ಚಿತ್ರಾನ್ನ. ಆ ಹುಡುಗಿ ಬಂದ್ರೆ ಕೊಡು. ಬಸ್ಸಲ್ಲಿ ಹಸ್ಕೊಂಡಿರ್ತಳೆ."

ಅವನು ಬಸ್‌ಸ್ಟಾಂಡಿನ ಕಟ್ಟೆಯ ಮೇಲೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತ. ಎದುರಿನ ಕಂಬದಲ್ಲಿ ರೇಣುಕಯ್ಯ ಕುಯ್ದ ಹಗ್ಗದ ತುಂಡು ಇನ್ನೂ ನೇತಾಡುತ್ತಿತ್ತು. ಅವಳು ಬರುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೊರಟಗೆರೆಯ ಕಡೆಯಿಂದ ಬಸ್ಸು ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದ. ಮಕ್ಕಳು ಇಳಿದು, ಪ್ಯಾಡು ಹಿಡಿದುಕೊಂಡು ಶಾಲೆಯ ಕಡೆ ಓಡುತ್ತಿದ್ದರು. ಮೊದಲನೆಯ ಬೆಲ್ಲು ಬಿತ್ತು. ಸ್ವಲ್ಪ ಹೊತ್ತಿಗೆ ಎರಡನೆಯದೂ ಬಿತ್ತು. ಮಧುಗಿರಿಯ ಬಸ್ಸು ಬಂದು, ಇಬ್ಬರು ಹೆಂಗಸರನ್ನೂ ಒಂದು ಮೇಕೆಯನ್ನೂ ಇಳಿಸಿ ಹೋಯಿತು. ರಸ್ತೆ ಖಾಲಿಯಾಯಿತು.

ಇನ್ನೊಂದು ಎರಡು ನಿಮಿಷ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಈಗ ಬೆಲ್ಲು ಹೊಡೆಯುವವನು ಹೊಸಬ, ಒಳ್ಳೆಯ ಹುಡುಗ, ಬಹಳ ಕಟ್ಟುನಿಟ್ಟು. ದೊಡ್ಡಹನುಮಯ್ಯನೇ ಅವನಿಗೆ ಕೆಲಸ ಕಲಿಸಿಕೊಟ್ಟದ್ದು. ಮೂರನೆಯ ಬೆಲ್ಲು ಟೈಮಿಗೆ ಸರಿಯಾಗಿ ಬಿತ್ತು.

ಅವನು ಮನೆಗೆ ಬಂದಾಗ ಕೊಲ್ಲಾಪುರಮ್ಮ ಬಾಗಿಲಲ್ಲೇ ನಿಂತಿದ್ದಳು. ಕೈ ಚಾಚಿ ಡಬ್ಬಿ ತೆಗೆದುಕೊಂಡಳು. ಕೊಟ್ಟು ಕಳಿಸಿದಷ್ಟೇ ಭಾರವಿತ್ತು.

"ಬಸ್ಸು ತಡ ಆಗೈತೆ ಅನ್ಸುತ್ತೆ ಕಣೇ" ಎಂದ.

"ಆಗಿರ್ತೈತೆ ಬುಡು" ಎಂದಳು ಅವಳು. ತಟ್ಟೆ ತಂದು ಡಬ್ಬಿಯ ಅನ್ನವನ್ನು ಇಬ್ಬರಿಗೂ ಬಡಿಸಿದಳು. ಇಬ್ಬರೂ ತಲೆ ಬಗ್ಗಿಸಿಕೊಂಡು ಉಂಡರು.